ತಂತ್ರಾಂಶದ ಮೂಲಕೋಶಗಳಿಗೆ ಹೆಸರಿಡುವ ಪದ್ಧತಿ: ಮೂರು ಊರುಗಳ ಹೆಸರಿನ ದೃಷ್ಟಾಂತದೊಡನೆ

ರೋಣ, ನರಗುಂದ, ಗಜೇಂದ್ರಗಡ ಎಂಬ ಮೂರು ಊರುಗಳು ಗದಗ ಜಿಲ್ಲೆಯವು. ಈ ಮೂರು ಹೆಸರುಗಳನ್ನು ಕನ್ನಡಲಿಪಿಯಲ್ಲಿಯೇ ಬರೆದು, ಗಣಕಯಂತ್ರದಲ್ಲಿ ಮೂರು ಕೋಶಗಳಿಗೆ—ವಾಡಿಕೆಯ ಮಾತಿನಲ್ಲಿ ಫೋಲ್ಡರುಗಳಿಗೆ—ಇಟ್ಟು, ಅವುಗಳನ್ನು ಒಂದು ಯಂತ್ರದಿಂದ ಮತ್ತೊಂದಕ್ಕೆ ಸಾಗಿಸುತ್ತ ಹೋದರೆ ಒಂದು ವಿಚಿತ್ರವು ಕಂಡುಬರಬಹುದು. ನರಗುಂದವು ಎಲ್ಲಿಗೆ ಹೋದರೂ ನರಗುಂದವಾಗಿಯೇ ಉಳಿಯುತ್ತದೆ. ರೋಣವೂ ಗಜೇಂದ್ರಗಡವೂ ಹಾಗಲ್ಲ. ಅವು ಕಣ್ಣಿಗೆ ಮೊದಲಿನಂತೆಯೇ ತೋರುತ್ತಿದ್ದರೂ ಯಂತ್ರದ ಪಾಲಿಗೆ ಬೇರೆ ಹೆಸರುಗಳಾಗಿ ಪರಿಣಮಿಸಬಹುದು. ಒಂದೇ ಪಟ್ಟಿಯಲ್ಲಿ ಎರಡು ರೋಣಗಳು ಒಂದರ ಕೆಳಗೊಂದು ನಿಂತು, ಒಂದರಲ್ಲಿ ತಿದ್ದಿದುದು ಇನ್ನೊಂದರಲ್ಲಿ ಕಾಣದೆ ಹೋಗಬಹುದು. ಇದು ಯಂತ್ರದ ದೋಷವೂ ಅಲ್ಲ, ಬರೆದವರ ಅಕ್ಷರದೋಷವೂ ಅಲ್ಲ. ಹೆಸರಿಡುವುದರಲ್ಲಿ ಒಂದು ಒಪ್ಪಂದವು ಇಲ್ಲದಿರುವುದರ ಫಲ. ತಂತ್ರಾಂಶಗಳನ್ನು ಕಟ್ಟಿ ಹಂಚುವವರು ಇಂತಹ ಒಪ್ಪಂದಗಳನ್ನು ಬಹುಕಾಲದಿಂದ ಮಾಡಿಕೊಂಡು ಬಂದಿದ್ದಾರೆ. ಅವುಗಳ ಕಾರಣಗಳೇನು, ಕನ್ನಡದ ಹೆಸರುಗಳು ಅವುಗಳೊಳಗೆ ಎಲ್ಲಿ ಇಕ್ಕಟ್ಟಿಗೆ ಸಿಕ್ಕುತ್ತವೆ, ಆ ಇಕ್ಕಟ್ಟಿಗೆ ಪರಿಹಾರವುಂಟೆ ಎಂಬುದು ಇಲ್ಲಿಯ ವಿಷಯ.

ಮೊದಲು ಮೂಲಕೋಶವೆಂದರೇನೆಂಬುದನ್ನು ತಿಳಿಯಬೇಕು. ಗಣಕಯಂತ್ರವು ನಡೆಸುವ ಕ್ರಮವಿಧಿಗಳನ್ನು ಮನುಷ್ಯರು ಓದಿ ತಿದ್ದಬಲ್ಲ ಭಾಷೆಯಲ್ಲಿ ಬರೆದಿರುವ ಪಾಠಕ್ಕೆ ಮೂಲಪಾಠವೆಂದು ಹೆಸರು. ಒಂದು ತಂತ್ರಾಂಶದ ಮೂಲಪಾಠವು ಸಾಮಾನ್ಯವಾಗಿ ಒಂದೇ ಕಡತದಲ್ಲಿ ಮುಗಿಯುವುದಿಲ್ಲ. ಹತ್ತಾರು, ಕೆಲವೊಮ್ಮೆ ಸಾವಿರಾರು ಕಡತಗಳು ಒಂದು ಕೋಶದೊಳಗೆ ಉಪಕೋಶಗಳಾಗಿ ಹರಡಿರುತ್ತವೆ. ಈ ಇಡೀ ಕೋಶವನ್ನು ಒಂದೇ ಕಡತವಾಗಿ ಕಟ್ಟಿ, ಅದುಮಿ, ಜಾಲದ ಮೂಲಕ ಕಳುಹಿಸುತ್ತಾರೆ. ಯೂನಿಕ್ಸ್ ಪರಂಪರೆಯಲ್ಲಿ ಕಟ್ಟುವ ಸಾಧನಕ್ಕೆ ಟಾರ್ ಎಂದು ಹೆಸರು. ಟೇಪಿನ ಸುರುಳಿಗಳ ಮೇಲೆ ದಸ್ತಾವೇಜನ್ನು ಇಡುತ್ತಿದ್ದ ಕಾಲದ ಹೆಸರು ಇನ್ನೂ ಉಳಿದುಕೊಂಡಿದೆ. ಪಡೆದವನು ಕಟ್ಟನ್ನು ಬಿಚ್ಚಿ, ಮೂಲಪಾಠವನ್ನು ಯಂತ್ರರೂಪಕ್ಕೆ ಪರಿವರ್ತಿಸಿ, ತನ್ನ ಊರಿನ ಬಳಕೆದಾರರಿಗೆ ಸಿದ್ಧವಾದ ಪ್ಯಾಕೇಜನ್ನು ಒದಗಿಸುತ್ತಾನೆ. ಡೆಬಿಯನ್, ಫೆಡೋರಾ ಮುಂತಾದ ಸಂಸ್ಥೆಗಳು ಮಾಡುವ ಕೆಲಸ ಇದೇ.

ಓಲೆಗರಿಯ ಕಟ್ಟುಗಳೊಡನೆ ಪರಿಚಯವುಳ್ಳವರಿಗೆ ಇಲ್ಲಿಯ ತೊಡಕು ಹೊಸದಲ್ಲ. ಕಟ್ಟಿನ ಮೇಲಣ ಗರಿಯಲ್ಲಿ ಗ್ರಂಥದ ಹೆಸರಿಲ್ಲದಿದ್ದರೆ ಒಳಗಿನ ಗರಿಗಳನ್ನೆಲ್ಲ ಓದಿಯೇ ಗ್ರಂಥವನ್ನು ಗುರುತಿಸಬೇಕಾಗುತ್ತದೆ. ಹೆಸರಿದ್ದು ಪ್ರತಿಯ ಗುರುತಿಲ್ಲದಿದ್ದರೆ, ಎರಡು ಪ್ರತಿಗಳ ಪಾಠಾಂತರಗಳು ಒಂದರೊಳಗೊಂದು ಬೆರೆತು ಸಂಪಾದಕನು ತಲೆಯ ಮೇಲೆ ಕೈಹೊತ್ತು ಕುಳಿತುಕೊಳ್ಳಬೇಕಾಗುತ್ತದೆ. ದಾರವೇ ಇಲ್ಲದ ಕಟ್ಟನ್ನು ಎತ್ತಿದರಂತೂ ಗರಿಗಳು ನೆಲದ ಮೇಲೆಲ್ಲ ಚೆದರುತ್ತವೆ. ತಂತ್ರಾಂಶದ ಕಟ್ಟುಗಳಿಗೂ ಇವೇ ಮೂರು ಅಪಾಯಗಳಿದ್ದವು. ಹೆಸರಿಡುವ ಪದ್ಧತಿಯು ಹುಟ್ಟಿದುದು ಇವುಗಳನ್ನು ತಪ್ಪಿಸುವುದಕ್ಕಾಗಿ.

ಗ್ನೂ ಸಂಸ್ಥೆಯ ಬರವಣಿಗೆಯ ನಿಯಮಗಳಲ್ಲಿ ಈ ಪದ್ಧತಿಯು ಅತ್ಯಂತ ಸರಳವಾದ ರೂಪದಲ್ಲಿದೆ. ಫೂ ಎಂಬ ತಂತ್ರಾಂಶದ 69.96ನೆಯ ಆವೃತ್ತಿಯನ್ನು ಹಂಚಬೇಕಾದರೆ ಕಟ್ಟಿಗೆ ‘ಫೂ-69.96’ ಎಂದು ಹೆಸರಿರಬೇಕು. ಬಿಚ್ಚಿದಾಗ ಅದೇ ಹೆಸರಿನ ಒಂದೇ ಕೋಶವು ಹೊರಬರಬೇಕು. ಫೂ ಎಂಬುದು ಕಲ್ಪಿತ. ನಿಯಮವು ಮಾತ್ರ ನಿಜವಾದುದು. ಇದರಲ್ಲಿ ಮೂರು ಅಂಶಗಳು ಅಡಗಿವೆ. ಹೆಸರು ಇರತಕ್ಕದ್ದು, ಆವೃತ್ತಿಯ ಅಂಕಿಯು ಇರತಕ್ಕದ್ದು, ಮತ್ತು ಕಟ್ಟಿನ ಮೇಲಣ ಹೆಸರೂ ಒಳಗಿನ ಕೋಶದ ಹೆಸರೂ ಒಂದೇ ಆಗಿರತಕ್ಕದ್ದು. ಮೂರನೆಯದು ಕ್ಷುಲ್ಲಕವೆಂದು ತೋರಬಹುದು. ಆದರೆ ಒಳಗೆ ಮೇಲುಕೋಶವೇ ಇಲ್ಲದ ಕಟ್ಟನ್ನು ಬಿಚ್ಚಿದವನ ಪಾಡನ್ನು ನೋಡಿದರೆ ಅದರ ಬೆಲೆ ತಿಳಿಯುವುದು: ಕಡತಗಳೆಲ್ಲ ಅವನು ನಿಂತ ಕೋಶದಲ್ಲಿಯೇ ಚೆಲ್ಲಾಪಿಲ್ಲಿಯಾಗಿ ಬಿದ್ದು, ಅಲ್ಲಿ ಮೊದಲೇ ಇದ್ದ ಅದೇ ಹೆಸರಿನ ಕಡತಗಳನ್ನು ಅಳಿಸಿ ಕುಳಿತುಕೊಳ್ಳುತ್ತವೆ. ಆಟೋಮೇಕ್ ಎಂಬ ಸಾಧನವು ಕಟ್ಟನ್ನು ತಾನಾಗಿಯೇ ಸಿದ್ಧಪಡಿಸುವಾಗ ಈ ನಿಯಮವನ್ನೇ ಅನುಸರಿಸುತ್ತದೆ; ಹೀಗಾಗಿ ನಿಯಮವನ್ನು ಓದದವರೂ ಅದನ್ನು ಪಾಲಿಸುತ್ತಾರೆ. ಪದ್ಧತಿಗಳು ಬೇರೂರುವುದು ಸಾಮಾನ್ಯವಾಗಿ ಹೀಗೆಯೇ.

ಹೆಸರು ಮತ್ತು ಅಂಕಿಗಳ ನಡುವೆ ಯಾವ ಗುರುತನ್ನು ಇಡಬೇಕು? ಪ್ರಶ್ನೆಯು ಚಿಕ್ಕದು, ಉತ್ತರಗಳು ಮಾತ್ರ ಮೂರು ಮನೆಗಳಲ್ಲಿ ಮೂರು ಬಗೆ. ಕನ್ನಡದ ಅಕ್ಷರವಿನ್ಯಾಸಗಳಿಂದಲೇ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ‘ಲೋಹಿತ್’ ಎಂಬ ಅಕ್ಷರವಿನ್ಯಾಸದ ಕನ್ನಡ ಭಾಗವು ಡೆಬಿಯನ್ನಿನಲ್ಲಿ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’ ಎಂಬ ಹೆಸರಿನಿಂದ ಸಿಕ್ಕುತ್ತದೆ. (ಈ ಹೆಸರುಗಳೆಲ್ಲ ಯಂತ್ರದಲ್ಲಿ ರೋಮನ್ ಅಕ್ಷರಗಳಲ್ಲಿವೆ, ಓದುವ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.) ಇದರ 2.5.4ನೆಯ ಆವೃತ್ತಿಯ ಹೆಸರನ್ನು ಅಡ್ಡಗೆರೆಯಿಂದಲೇ ಬರೆದರೆ ಒಟ್ಟು ಮೂರು ಅಡ್ಡಗೆರೆಗಳಾಗುತ್ತವೆ. ಮೂರನೆಯದರ ಬಲಕ್ಕೆ ಇರುವುದು ಆವೃತ್ತಿಯೆಂದು ಓದುವವನು ಅಂಕಿಯನ್ನು ಕಂಡು ಊಹಿಸಿಕೊಳ್ಳುತ್ತಾನೆ. ಹೆಸರಿನೊಳಗೇ ಅಂಕಿಯಿದ್ದರೆ ಊಹೆಯು ಕೆಡುತ್ತದೆ. ‘ಲಿಬ್‌ಜಿಟಿಕೆ-3-0’ ಎಂಬುದು ಡೆಬಿಯನ್ನಿನಲ್ಲಿ ಒಂದು ಪ್ಯಾಕೇಜಿನ ಪೂರ್ಣನಾಮವೇ ಹೊರತು ಆವೃತ್ತಿಸಹಿತವಾದ ನಾಮವಲ್ಲ. ಇಂತಹುದರ ಮುಂದೆ ಇನ್ನೊಂದು ಅಡ್ಡಗೆರೆಯನ್ನೂ ಇನ್ನೊಂದು ಅಂಕಿಯನ್ನೂ ಸೇರಿಸಿದರೆ ಹೆಸರು ಎಲ್ಲಿ ಮುಗಿಯಿತೆಂಬುದನ್ನು ಹೇಳಬಲ್ಲವರಾರು?

ಡೆಬಿಯನ್ ಇದಕ್ಕೆ ಅಡಿಗೆರೆಯ ಉಪಾಯವನ್ನು ಹೂಡಿತು. ಪ್ಯಾಕೇಜಿನ ಹೆಸರಿನಲ್ಲಿ ಸಣ್ಣ ರೋಮನ್ ಅಕ್ಷರಗಳು, ಅಂಕಿಗಳು, ಕೂಡುಗುರುತು, ಅಡ್ಡಗೆರೆ, ಚುಕ್ಕೆ ಇವು ಮಾತ್ರ ಇರಬಹುದು. ಹೆಸರು ಎರಡು ಅಕ್ಷರಗಳಿಗೆ ಕಡಮೆಯಿರಬಾರದು. ಮೊದಲನೆಯದು ಅಕ್ಷರವೋ ಅಂಕಿಯೋ ಆಗಿರಬೇಕು. ಅಡಿಗೆರೆಗೆ ಹೆಸರಿನೊಳಗೆ ಪ್ರವೇಶವಿಲ್ಲವಾದುದರಿಂದ ಅದು ಹೆಸರಿಗೂ ಆವೃತ್ತಿಗೂ ನಡುವೆ ಸಂದೇಹವಿಲ್ಲದ ಗಡಿಯಾಗಿ ನಿಲ್ಲಬಲ್ಲದು. ಆದುದರಿಂದ ಮೂಲಕಟ್ಟಿನ ಹೆಸರು ‘ಫಾಂಟ್ಸ್-ಗುಬ್ಬಿ_1.3’ ಎಂದು ಮೊದಲಾಗಿ, ಮುಂದೆ ‘ಒರಿಜ್’ ಎಂಬ ಗುರುತನ್ನು ಹೊಂದುತ್ತದೆ. ಬಿಚ್ಚಿದ ಕೋಶಕ್ಕೆ ಮಾತ್ರ ಹಳೆಯ ವಾಡಿಕೆಯಂತೆ ಅಡ್ಡಗೆರೆಯಿಂದ ‘ಫಾಂಟ್ಸ್-ಗುಬ್ಬಿ-1.3’ ಎಂದೇ ಹೆಸರು. ಹೊರಗೊಂದು ಒಳಗೊಂದು ಎಂದು ಆಕ್ಷೇಪಿಸಬಹುದು. ಆದರೆ ಕೋಶದ ಹೆಸರನ್ನು ಓದುವವನು ಮನುಷ್ಯ, ಕಟ್ಟಿನ ಹೆಸರನ್ನು ಸೀಳಿ ನೋಡುವುದು ಯಂತ್ರ; ಇಬ್ಬರ ಅವಶ್ಯಕತೆಗಳೂ ಬೇರೆ. ಇನ್ನೊಂದು ಸೌಜನ್ಯವೂ ಇಲ್ಲುಂಟು. ಮೂಲಕರ್ತನು ಒಳಕೋಶಕ್ಕೆ ಯಾವ ಹೆಸರನ್ನಿಟ್ಟಿದ್ದರೂ ಡೆಬಿಯನ್ನಿನ ಬಿಚ್ಚುವ ಸಾಧನವು ಅದನ್ನು ಬದಿಗಿರಿಸಿ ತನ್ನ ಕ್ರಮದ ಹೆಸರನ್ನೇ ಕೊಡುತ್ತದೆ. ಮೇಲುಕೋಶವಿಲ್ಲದ ಕಟ್ಟಾದರೆ ತಾನೇ ಒಂದನ್ನು ಒದಗಿಸುತ್ತದೆ.

ಆರ್‌ಪಿಎಂ ಪದ್ಧತಿಯ ಸಂಸ್ಥೆಗಳು, ಮುಖ್ಯವಾಗಿ ಫೆಡೋರಾ, ಬೇರೆ ದಾರಿಯನ್ನು ಹಿಡಿದವು. ಹೆಸರಿನಲ್ಲಿ ಎಷ್ಟು ಅಡ್ಡಗೆರೆಗಳಾದರೂ ಇರಲಿ; ಆವೃತ್ತಿಯಲ್ಲಿಯೂ ಪರಿಷ್ಕರಣದ ಅಂಕಿಯಲ್ಲಿಯೂ ಒಂದೂ ಇರಕೂಡದು. ಹೀಗೆ ನಿಯಮಿಸಿದರೆ ಹೆಸರನ್ನು ಬಲಗಡೆಯಿಂದ ಓದಬಹುದು: ಕೊನೆಯ ತುಂಡು ಪರಿಷ್ಕರಣ, ಅದರ ಹಿಂದಿನದು ಆವೃತ್ತಿ, ಉಳಿದುದೆಲ್ಲ ಹೆಸರು. ಸೊಗಸಾದ ಯುಕ್ತಿ. ಆದರೆ ಮೂಲಕೋಶದ ವಿಷಯದಲ್ಲಿ ಈ ಪದ್ಧತಿಗೆ ಡೆಬಿಯನ್ನಿನ ಔದಾರ್ಯವಿಲ್ಲ. ಕಟ್ಟನ್ನು ಬಿಚ್ಚಿದಾಗ ‘ಹೆಸರು-ಆವೃತ್ತಿ’ ಎಂಬ ಕೋಶವು ಬರುವುದೆಂದು ಅದು ಮೊದಲೇ ಎಣಿಸಿರುತ್ತದೆ. ಬಾರದಿದ್ದರೆ ಕಟ್ಟುವ ಕೆಲಸವೇ ನಿಲ್ಲುತ್ತದೆ, ಇಲ್ಲವೆ ಕೋಶದ ನಿಜನಾಮವನ್ನು ಕೈಯಾರೆ ಬರೆದು ತಿಳಿಸಬೇಕಾಗುತ್ತದೆ. ಪೈಥಾನ್ ಭಾಷೆಯವರಾದರೋ 517ನೆಯ ಪ್ರಸ್ತಾವದಲ್ಲಿ ಕಟ್ಟಿನೊಳಗೆ ‘ಹೆಸರು-ಆವೃತ್ತಿ’ ಎಂಬ ಒಂದೇ ಮೇಲುಕೋಶವಿರಬೇಕೆಂದು ವಿಧಿಸಿ, 625ನೆಯ ಪ್ರಸ್ತಾವದಲ್ಲಿ ಹೆಸರಿನೊಳಗಿನ ಅಡ್ಡಗೆರೆಗಳನ್ನೆಲ್ಲ ಅಡಿಗೆರೆಗಳಾಗಿ ಮಾರ್ಪಡಿಸಬೇಕೆಂದು ಸೇರಿಸಿದರು. ಡೆಬಿಯನ್ ಅಡಿಗೆರೆಯನ್ನು ಗಡಿಗೆ ಮೀಸಲಿಟ್ಟರೆ ಪೈಥಾನ್ ಅಡ್ಡಗೆರೆಯನ್ನು ಮೀಸಲಿಟ್ಟಿತು. ಗುರುತು ಯಾವುದಾದರೇನು, ಗಡಿಯಲ್ಲಿ ಮಾತ್ರ ಇರತಕ್ಕ ಒಂದು ಗುರುತು ಬೇಕೆಂಬ ತತ್ತ್ವದಲ್ಲಿ ಭೇದವಿಲ್ಲ.

ಹೆಸರಿನಲ್ಲಿ ಏನಿರಬೇಕೆಂಬುದಕ್ಕಿಂತ ಏನಿರಬಾರದೆಂಬುದು ಹೆಚ್ಚು ವಿಚಾರಕ್ಕೆ ಅರ್ಹವಾದುದು. ಡೆಬಿಯನ್ನಿನ ಹಳೆಯ ಪಟ್ಟಿಗಳಲ್ಲಿ ಕನ್ನಡದ ಅಕ್ಷರವಿನ್ಯಾಸಗಳು ‘ಟಿಟಿಎಫ್-ಕನ್ನಡ-ಫಾಂಟ್ಸ್’ ಎಂಬ ಹೆಸರಿನಲ್ಲಿದ್ದವು. ಕೇದಗೆ, ಮಲ್ಲಿಗೆ ಎಂಬ ಅಂದವಾದ ಹೆಸರಿನ ಎರಡು ವಿನ್ಯಾಸಗಳು ಅದರಲ್ಲಿ ಸೇರಿದ್ದವು. ಟಿಟಿಎಫ್ ಎಂಬುದು ಅಕ್ಷರವಿನ್ಯಾಸದ ಕಡತವನ್ನು ಬರೆದಿಡುವ ಒಂದು ರೀತಿ. ಮುಂದೆ ಬೇರೊಂದು ರೀತಿಯೂ ಬಳಕೆಗೆ ಬಂದಿತು. ಪಾತ್ರೆಯನ್ನು ಹೇಳಿ ಪಾಯಸವನ್ನು ಹೇಳದ ಹೆಸರು ಪಾತ್ರೆಯು ಬದಲಾದಾಗ ಸುಳ್ಳಾಗುತ್ತದೆ; ಆದುದರಿಂದ ಮುನ್ನಡೆಯ ಭಾಗವನ್ನು ‘ಫಾಂಟ್ಸ್’ ಎಂದು ಬದಲಾಯಿಸಬೇಕಾಯಿತು.

ಇದೇ ಬಗೆಯ ಅನುಭವವು ಶಾಸನಗಳನ್ನು ಅಭ್ಯಸಿಸುವವರಿಗೂ ಇದೆ. 1940ರಲ್ಲಿ ಮೊದಲ ಭಾಗವು ಪ್ರಕಟವಾದ ದಕ್ಷಿಣ ಭಾರತ ಶಾಸನಗಳ 11ನೆಯ ಸಂಪುಟವು ಮುಂಬಯಿ-ಕರ್ನಾಟಕದ ಶಾಸನಗಳ ಸಂಪುಟ. ಅದರಲ್ಲಿ ಶಾಸನದ ತಲೆಬರಹವು ಊರು, ತಾಲ್ಲೂಕು, ಜಿಲ್ಲೆಗಳನ್ನು ಹೇಳುತ್ತದೆ. ರೋಣದ ಪ್ರಾಂತವೆಲ್ಲ ಅಲ್ಲಿ ಧಾರವಾಡ ಜಿಲ್ಲೆಯದು. ಆ ಪ್ರದೇಶವು 1956ರಲ್ಲಿ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರನ್ನು ಸೇರಿತು. 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವೆಂದಾಯಿತು. 1997ರಲ್ಲಿ ಧಾರವಾಡವನ್ನು ಒಡೆದು ಗದಗ ಜಿಲ್ಲೆಯನ್ನು ರಚಿಸಲಾಯಿತು. ರೋಣ ತಾಲ್ಲೂಕಿನೊಳಗಿದ್ದ ಗಜೇಂದ್ರಗಡವು 2017-18ರಲ್ಲಿ ಹೊಸ ತಾಲ್ಲೂಕುಗಳು ಏರ್ಪಟ್ಟಾಗ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಯಿತು. ಕಲ್ಲು ಕದಲಲಿಲ್ಲ; ಅದರ ವಿಳಾಸವು ನಾಲ್ಕು ಸಲ ಕದಲಿತು. ಹೀಗಿದ್ದರೂ ವಿದ್ವಾಂಸರಿಗೆ ತೊಂದರೆಯಾಗಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಅವರು ಶಾಸನವನ್ನು ಉಲ್ಲೇಖಿಸುವುದು ಜಿಲ್ಲೆಯಿಂದಲ್ಲ, ಸಂಪುಟದ ಅಂಕಿ ಮತ್ತು ಶಾಸನದ ಅಂಕಿಗಳಿಂದ. ಅಥವಾ ಸಂಗ್ರಹಿಸಿದ ವರ್ಷ ಮತ್ತು ಆ ವರ್ಷದ ಕ್ರಮಸಂಖ್ಯೆಯಿಂದ. ಇವು ಒಮ್ಮೆ ಕೊಟ್ಟ ಮೇಲೆ ಬದಲಾಗುವುದಿಲ್ಲ. ಮೂಲಕೋಶದ ಹೆಸರಿನಲ್ಲಿಯೂ ಬದಲಾಗದ ಎರಡೇ ಅಂಶಗಳು, ಕೃತಿಯ ಹೆಸರು ಮತ್ತು ಆವೃತ್ತಿ, ಇರಬೇಕೆಂದು ಹೇಳುವುದು ಇದೇ ವಿವೇಕದಿಂದ.

ಈಚಿನ ಒಂದು ಅಭ್ಯಾಸವು ಈ ವಿವೇಕಕ್ಕೆ ವಿರುದ್ಧವಾಗಿದೆ. ಗಿಟ್‌ಹಬ್ ಎಂಬ ಸಂಗ್ರಹಾಲಯದಿಂದ ಮೂಲಪಾಠವನ್ನು ನೇರವಾಗಿ ಇಳಿಸಿಕೊಂಡಾಗ, ಆವೃತ್ತಿಯ ಮುದ್ರೆಯೊತ್ತಿದ ಪ್ರತಿಯಾದರೆ ಕೋಶಕ್ಕೆ ಹೆಸರು ಮತ್ತು ಆವೃತ್ತಿ ಬರುತ್ತವೆ. ಮುದ್ರೆಯ ಅಂಕಿಯ ಹಿಂದೆ ‘ವಿ’ ಅಕ್ಷರವಿದ್ದರೆ ಅದೂ ಕಳಚಿರುತ್ತದೆ. ಆದರೆ ನಡೆಯುತ್ತಿರುವ ಕೆಲಸದ ಪ್ರತಿಯನ್ನು ಇಳಿಸಿಕೊಂಡರೆ ಹೆಸರಿನ ಮುಂದೆ ‘ಮೇನ್’ ಎಂದಷ್ಟೇ ಇರುತ್ತದೆ. ಇಂದಿನ ‘ಮೇನ್’ ನಾಳೆಯ ‘ಮೇನ್’ ಅಲ್ಲ. ಹೆಸರು ಮಾತ್ರ ಎರಡಕ್ಕೂ ಒಂದೇ. ಆರು ತಿಂಗಳ ಮೇಲೆ ಆ ಕೋಶವನ್ನು ತೆರೆದವನಿಗೆ ತನ್ನ ಕೈಯಲ್ಲಿರುವುದು ಯಾವ ಪಾಠವೆಂಬುದನ್ನು ಹೆಸರಿನಿಂದ ತಿಳಿಯುವ ಉಪಾಯವಿಲ್ಲ. ‘ಹೊಸದು’, ‘ಕೊನೆಯದು’, ‘ನಿಜವಾಗಿಯೂ ಕೊನೆಯದು’ ಎಂದು ಕಚೇರಿಗಳಲ್ಲಿ ಕಡತಗಳಿಗೆ ಇಡುವ ಹೆಸರುಗಳು ಇದೇ ಕುಲಕ್ಕೆ ಸೇರಿದವು.

ಹೆಸರು ಸರಿಯಾಗಿದ್ದ ಮಾತ್ರಕ್ಕೆ ಒಳಗಿನ ಪಾಠವು ಶುದ್ಧವೆಂದು ನಂಬುವುದೂ ಯುಕ್ತವಲ್ಲ. 2024ರ ಮಾರ್ಚ್ 29ರಂದು ಬೆಳಕಿಗೆ ಬಂದ ಎಕ್ಸ್‌ಜೆಡ್ ಪ್ರಕರಣವು ಇದಕ್ಕೆ ದೊಡ್ಡ ನಿದರ್ಶನ. ಕಡತಗಳನ್ನು ಅದುಮುವ ಆ ಸಾಧನದ 5.6.0 ಮತ್ತು 5.6.1ನೆಯ ಆವೃತ್ತಿಗಳ ಕಟ್ಟುಗಳು ಹೆಸರಿನಲ್ಲಿಯೂ ಕ್ರಮದಲ್ಲಿಯೂ ನಿರ್ದುಷ್ಟವಾಗಿದ್ದವು. ಒಳಗೆ ಮಾತ್ರ, ಎಲ್ಲರಿಗೂ ಕಾಣುವ ಸಂಗ್ರಹದಲ್ಲಿಲ್ಲದ ಒಂದು ಕಡತವನ್ನು ಸೇರಿಸಿ, ಯಂತ್ರಗಳೊಳಕ್ಕೆ ಕಳ್ಳದಾರಿಯನ್ನು ಕೊರೆಯುವ ಏರ್ಪಾಡು ನಡೆದಿತ್ತು. ಕಟ್ಟಿನ ಬೈಟುಗಳಿಂದ ಲೆಕ್ಕಮಾಡುವ ಚೆಕ್‌ಸಮ್ ಎಂಬ ತಾಳೆಯ ಅಂಕಿಯು ಹೆಸರಿಗೆ ಜೊತೆಯಾಗಿ ಬೇಕಾಗುವುದು ಇಂತಹ ಕಾರಣಗಳಿಂದ. ಆದರೆ ಈ ಪ್ರಕರಣದಲ್ಲಿ ಅದೂ ಸಾಲದಾಯಿತು, ಏಕೆಂದರೆ ಕಟ್ಟಿದವನೇ ಕೆಡಿಸಿದ್ದನು. ತಾಳೆಯ ಅಂಕಿಗೂ ತನ್ನದೇ ಆದ ಚಾಂಚಲ್ಯವುಂಟು. 2023ರ ಜನವರಿ 30ರಂದು ಗಿಟ್‌ಹಬ್ಬಿನಲ್ಲಿ ಅದುಮುವ ಕ್ರಮವು ಬದಲಾದುದರಿಂದ, ಒಳಗಿನ ಪಾಠವೂ ಹೆಸರೂ ಒಂದಿಷ್ಟೂ ಬದಲಾಗದಿದ್ದರೂ, ಕಟ್ಟುಗಳ ತಾಳೆಯ ಅಂಕಿಗಳು ಬದಲಾಗಿ, ಅವನ್ನು ನೆಚ್ಚಿದ್ದ ಅನೇಕ ಕೆಲಸಗಳು ನಿಂತುಹೋದವು. ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಇನ್ನು ಕನ್ನಡದ ಹೆಸರುಗಳ ವಿಷಯ. ಮೇಲೆ ಹೇಳಿದ ‘ಕೆಎನ್‌ಡಿಎ’ ಎಂಬುದನ್ನು ಕಂಡು ಇದೇನು ವಿಕಾರವೆಂದು ವಾಚಕರಿಗೆ ಅನ್ನಿಸಿರಬಹುದು. ಅದು ಲಿಪಿಗಳಿಗೆ ಅಂತರರಾಷ್ಟ್ರೀಯ ಮಾನಕಸಂಸ್ಥೆಯು ಗೊತ್ತುಮಾಡಿರುವ ನಾಲ್ಕಕ್ಷರದ ಸಂಕೇತ. ಭಾಷೆಗೆ ಬೇರೆ ಸಂಕೇತವಿದೆ: ಎರಡಕ್ಷರದ್ದು ‘ಕೆಎನ್’, ಮೂರಕ್ಷರದ್ದು ‘ಕೆಎಎನ್’. ಅಕ್ಷರವಿನ್ಯಾಸಕ್ಕೆ ಲಿಪಿಯ ಸಂಕೇತವನ್ನು ಇಟ್ಟುದು ಸರಿಯೇ ಆಗಿದೆ. ಏಕೆಂದರೆ ಅದೇ ಅಕ್ಷರಗಳಿಂದ ತುಳುವನ್ನೂ ಕೊಡವ ಭಾಷೆಯನ್ನೂ ಕರ್ನಾಟಕದ ಕೊಂಕಣಿಯನ್ನೂ ಬರೆಯುತ್ತಾರೆ. ಪದಗಳ ಕಾಗುಣಿತವನ್ನು ಪರೀಕ್ಷಿಸುವ ಹನ್‌ಸ್ಪೆಲ್, ಆಸ್ಪೆಲ್ ಎಂಬ ಸಾಧನಗಳ ಕನ್ನಡ ಪದಪಟ್ಟಿಗಳಿಗೆ ಮಾತ್ರ ‘ಕೆಎನ್’ ಎಂಬ ಭಾಷಾಸಂಕೇತವಿದೆ. ಆ ಪಟ್ಟಿಗಳಿಂದ ತುಳುವನ್ನು ತಿದ್ದಲಾಗದು. ಫೆಡೋರಾದವರು ಸಂಕೇತವನ್ನು ಬಿಟ್ಟು ‘ಲೋಹಿತ್-ಕನ್ನಡ-ಫಾಂಟ್ಸ್’ ಎಂದೇ ಬರೆದು, ‘ಫಾಂಟ್ಸ್’ ಎಂಬುದನ್ನು ಮೊದಲಿಗಲ್ಲದೆ ಕೊನೆಗೆ ಇಡುತ್ತಾರೆ. ಹುಡುಕುವವನಿಗೆ ಇದು ಸುಲಭ. ವರ್ಗೀಕರಿಸುವವನಿಗೆ ಡೆಬಿಯನ್ನಿನದು ಸುಲಭ. ಕನ್ನಡವೆಂದು ಬರೆದು ಹುಡುಕುವ ಸಾಮಾನ್ಯ ಬಳಕೆದಾರನ ದೃಷ್ಟಿಯಿಂದ ಫೆಡೋರಾದ ಕ್ರಮವೇ ಮೇಲೆಂದು ಹೇಳಬೇಕಾಗಿದೆ.

ಹೆಸರುಗಳು ರೋಮನ್ ಅಕ್ಷರಗಳಲ್ಲಿಯೇ ಇರಬೇಕೆಂಬ ನಿರ್ಬಂಧವು ಡೆಬಿಯನ್, ಫೆಡೋರಾ, ಪೈಥಾನ್ ಮೂರರಲ್ಲಿಯೂ ಇದೆ. ಇದನ್ನು ಇಂಗ್ಲಿಷಿನ ದರ್ಪವೆಂದು ಬಗೆಯುವುದು ಸಹಜ. ಆದರೆ ಫ್ರೆಂಚರ ಮಾತ್ರಾಚಿಹ್ನೆಯುಳ್ಳ ಅಕ್ಷರಗಳಿಗೂ ಅಲ್ಲಿ ಪ್ರವೇಶವಿಲ್ಲ. ರೋಮನ್ ಅಕ್ಷರಗಳಿಂದ ತೊಡಕೆಲ್ಲ ನಿವಾರಣೆಯಾಗುತ್ತದೆಂದೂ ಅಲ್ಲ. ರೋಣವನ್ನು ಆರ್, ಓ, ಎನ್ ಎಂಬ ಮೂರು ಅಕ್ಷರಗಳಿಂದ ಬರೆಯುವವರಿದ್ದಾರೆ, ಕೊನೆಗೆ ಎ ಸೇರಿಸುವವರೂ ಇದ್ದಾರೆ. ಮೊದಲನೆಯ ರೂಪವು ಆಂಗ್ಲರಲ್ಲಿ ಒಂದು ವ್ಯಕ್ತಿನಾಮವೂ ಆಗಿರುವುದರಿಂದ ಹುಡುಕಿದವನಿಗೆ ಊರಿಗಿಂತ ಮೊದಲು ಮನುಷ್ಯರು ಸಿಕ್ಕುತ್ತಾರೆ. ನರಗುಂದದಲ್ಲಿ ರಕಾರದ ಮುಂದೆ ಎ ಬರೆಯಬೇಕೋ ಬೇಡವೋ, ಗಜೇಂದ್ರಗಡದ ಕೊನೆಯಲ್ಲಿ ಡಿ ಸಾಕೋ ಅಥವಾ ಉತ್ತರದವರಂತೆ ಆರ್, ಎಚ್ ಬೇಕೋ ಎಂಬುದರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ. 1787ರಲ್ಲಿ ಮರಾಠರಿಗೂ ಟೀಪೂ ಸುಲ್ತಾನನಿಗೂ ಆದ ಗಜೇಂದ್ರಗಡದ ಒಪ್ಪಂದವನ್ನು ಇಂಗ್ಲಿಷ್ ಗ್ರಂಥಸೂಚಿಗಳಲ್ಲಿ ಹುಡುಕುವವರು ಎರಡು ಮೂರು ವರ್ಣವಿನ್ಯಾಸಗಳಲ್ಲಿ ಹುಡುಕಬೇಕಾಗುವುದು ಈ ಕಾರಣದಿಂದಲೇ. ದೊಡ್ಡಕ್ಷರ ಸಣ್ಣಕ್ಷರಗಳ ಕಾಟವೂ ಉಂಟು: ಲಿನಕ್ಸಿನಲ್ಲಿ ಸಾಮಾನ್ಯವಾಗಿ ಅವು ಬೇರೆ ಬೇರೆ, ವಿಂಡೋಸಿನಲ್ಲಿ ಒಂದೇ. ಡೆಬಿಯನ್ ಸಣ್ಣಕ್ಷರಗಳನ್ನು ಮಾತ್ರ ಒಪ್ಪುವುದರ ಔಚಿತ್ಯವು ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡಲಿಪಿಯಲ್ಲಿಯೇ ಹೆಸರಿಟ್ಟರೆ ವರ್ಣವಿನ್ಯಾಸದ ಈ ಗೊಂದಲವು ತಪ್ಪುತ್ತದೆ. ಅದರ ಬದಲು ಮೊದಲಿಗೆ ಹೇಳಿದ ವಿಚಿತ್ರವು ಎದುರಾಗುತ್ತದೆ. ಅದರ ಕಾರಣವನ್ನು ಈಗ ವಿವರಿಸಬಹುದು. ಯೂನಿಕೋಡಿನಲ್ಲಿ ಕನ್ನಡದ ಓಕಾರದ ಗುರುತಿಗೆ ಒಂದು ಸ್ವಂತ ಸಂಕೇತವಿದೆ. ಅದೇ ಗುರುತನ್ನು ಎಕಾರದ ಗುರುತು, ಊಕಾರದ ಗುರುತು, ದೀರ್ಘದ ಗುರುತು ಎಂಬ ಮೂರು ಸಂಕೇತಗಳ ಸಾಲಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡೇ ಸಾರುತ್ತದೆ. ಮೊದಲನೆಯದನ್ನು ಕೂಡಿಸಿದ ರೂಪವೆಂದೂ ಎರಡನೆಯದನ್ನು ಬಿಡಿಸಿದ ರೂಪವೆಂದೂ ಕರೆಯಬಹುದು. ಒಕಾರ ಮತ್ತು ದೀರ್ಘ ಎಂಬ ಎರಡು ಸಂಕೇತಗಳ ನಡುವಣ ರೂಪವೂ ಸಾಧ್ಯ. ಈಕಾರ, ಏಕಾರ, ಐಕಾರ, ಒಕಾರಗಳ ಗುರುತುಗಳೂ ಹೀಗೆಯೇ ಒಡೆಯಬಲ್ಲವು. ಉಕಾರ, ಅನುಸ್ವಾರ ಮುಂತಾದವು ಒಡೆಯುವುದಿಲ್ಲ.

ಮೂರು ಊರುಗಳನ್ನು ಈಗ ಎಣಿಸಿ ನೋಡತಕ್ಕದ್ದು. ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ಕೂಡಿಸಿದ ರೂಪದ ರೋಣದಲ್ಲಿ 3 ಸಂಕೇತಗಳು, 9 ಬೈಟುಗಳು. ಬಿಡಿಸಿದ ರೂಪದಲ್ಲಿ 5 ಸಂಕೇತಗಳು, 15 ಬೈಟುಗಳು. ನಡುವಣ ರೂಪದಲ್ಲಿ 12 ಬೈಟುಗಳು. ಗಜೇಂದ್ರಗಡದಲ್ಲಿ ಏಕಾರವೊಂದು ಮಾತ್ರ ಒಡೆಯುವುದರಿಂದ ಒಮ್ಮೆ 27, ಇನ್ನೊಮ್ಮೆ 30 ಬೈಟುಗಳು. ನರಗುಂದದಲ್ಲಿ ಒಡೆಯತಕ್ಕುದೇ ಇಲ್ಲ. ಅದು ಯಾವಾಗಲೂ 6 ಸಂಕೇತ, 18 ಬೈಟು. ಲಿನಕ್ಸಿನ ಸಾಮಾನ್ಯ ಕಡತವ್ಯವಸ್ಥೆಯು ಹೆಸರನ್ನು ಅಕ್ಷರಗಳೆಂದು ಓದುವುದಿಲ್ಲ, ಬೈಟುಗಳೆಂದು ಹೋಲಿಸುತ್ತದೆ. ಆದುದರಿಂದ 9 ಬೈಟಿನ ರೋಣವೂ 15 ಬೈಟಿನ ರೋಣವೂ ಅದಕ್ಕೆ ಎರಡು ಊರುಗಳು.

ಬಿಡಿಸಿದ ರೂಪವು ಎಲ್ಲಿಂದ ಬರುತ್ತದೆ? ಕನ್ನಡದ ಕೀಲಿಮಣೆಗಳು ಸಾಧಾರಣವಾಗಿ ಕೂಡಿಸಿದ ರೂಪವನ್ನೇ ಕೊಡುತ್ತವೆ. ಆದರೆ ಆಪಲ್ ಸಂಸ್ಥೆಯ 1998ರ ಕಡತವ್ಯವಸ್ಥೆಯು ತನ್ನೊಳಗೆ ಬಂದ ಹೆಸರುಗಳನ್ನೆಲ್ಲ ಬಿಡಿಸಿಯೇ ಇಡುತ್ತಿತ್ತು; ಅಂತಹ ಯಂತ್ರದಲ್ಲಿ ಕಟ್ಟಿದ ಕಟ್ಟನ್ನು ಲಿನಕ್ಸಿನಲ್ಲಿ ಬಿಚ್ಚಿದರೆ ಬಿಡಿಸಿದ ಹೆಸರೇ ಹೊರಬರುತ್ತದೆ. 2017ರಲ್ಲಿ ಅದರ ಸ್ಥಾನಕ್ಕೆ ಬಂದ ವ್ಯವಸ್ಥೆಯು ಬರೆದ ರೂಪವನ್ನೇ ಉಳಿಸಿಕೊಳ್ಳುತ್ತದಾದರೂ ಹಳೆಯ ಕಟ್ಟುಗಳು ಇನ್ನೂ ಸಂಚರಿಸುತ್ತಿವೆ. ಎರಡನೆಯ ಮೂಲವು ಕನ್ನಡಕ್ಕೇ ವಿಶಿಷ್ಟವಾದುದು. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಮುಂತಾದವುಗಳ ಅಕ್ಷರವಿನ್ಯಾಸಗಳಲ್ಲಿ ಓಕಾರವನ್ನು ತುಂಡು ತುಂಡಾಗಿ ಜೋಡಿಸುವ ಕ್ರಮವಿತ್ತು. ಅಂತಹ ಹಳೆಯ ಬರಹವನ್ನು ತುಂಡಿಗೆ ತುಂಡೆಂಬಂತೆ ಪರಿವರ್ತಿಸಿದರೆ ಬಿಡಿಸಿದ ರೂಪವು ಉಂಟಾಗುತ್ತದೆ. ಓದುವವರಿಗೆ ವ್ಯತ್ಯಾಸವು ಕಾಣದಿರುವುದರಿಂದ ಅದು ತಿದ್ದುವವರ ಕಣ್ಣಿಗೂ ಬೀಳುವುದಿಲ್ಲ. ಇವೆರಡಕ್ಕಿಂತ ಹೆಚ್ಚು ಕಪಟವಾದುದು ಅರ್ಧಾಕ್ಷರವನ್ನು ಬಿಡಿಯಾಗಿ ತೋರಿಸಲು ಬರೆಯುವ ಶೂನ್ಯಾಗಲದ ಸಂಕೇತ. ಪದದ ಕೊನೆಯಲ್ಲಿ ಅದು ಉಳಿದರೆ ಏನೂ ಕಾಣುವುದಿಲ್ಲ, ಹೆಸರು ಮಾತ್ರ ಬೇರೆಯಾಗಿರುತ್ತದೆ. ಕೂಡಿಸುವ ಕ್ರಮದಿಂದಲೂ ಅದು ಹೋಗುವುದಿಲ್ಲ.

ಸ್ಥಳದ ಇಕ್ಕಟ್ಟೂ ಇದೆ. ಹಳೆಯ ಟಾರ್ ಕಟ್ಟಿನಲ್ಲಿ ಕಡತದ ಹೆಸರಿಗೆ, ಕೋಶಗಳ ಹೆಸರುಗಳೂ ಸೇರಿ, 100 ಬೈಟುಗಳ ಜಾಗವಿತ್ತು. ಮೂರು ಊರುಗಳ ಹೆಸರುಗಳನ್ನೂ ಅಡ್ಡಗೆರೆಗಳಿಂದ ಸೇರಿಸಿ ಒಂದು ಕೋಶಕ್ಕೆ ಇಟ್ಟರೆ ಅಷ್ಟಕ್ಕೇ 56 ಬೈಟುಗಳಾಗುತ್ತವೆ. ಬಿಡಿಸಿದ ರೂಪದಲ್ಲಿ 65. ಒಳಗಿನ ಕಡತಗಳಿಗೆ ಉಳಿಯುವುದು ಅಲ್ಪ. ಈಗಿನ ಕ್ರಮಗಳಲ್ಲಿ ಈ ಮಿತಿಯು ಸಡಿಲವಾಗಿದೆ. ಲಿನಕ್ಸಿನ ಬಳಕೆಯ ಕಡತವ್ಯವಸ್ಥೆಗಳಲ್ಲಿ ಒಂದು ಹೆಸರಿಗೆ 255 ಬೈಟುಗಳವರೆಗೆ ಅವಕಾಶವಿರುವುದರಿಂದ ಕನ್ನಡದ 85 ಸಂಕೇತಗಳು ಹಿಡಿಸುತ್ತವೆ.

ಇದರಿಂದ ಕನ್ನಡಿಗರು ತಮ್ಮ ಕೃತಿಗಳಿಗೆ ತಮ್ಮ ಲಿಪಿಯಲ್ಲಿ ಹೆಸರಿಡುವ ಆಸೆಯನ್ನು ಬಿಡಬೇಕೆಂದು ಅರ್ಥವಲ್ಲ. ಹೆಸರಿಗೆ ಎರಡು ಸ್ಥಾನಗಳಿವೆಯೆಂದು ತಿಳಿದರೆ ಸಾಕು. ಸಾಗಣೆಯ ಹೆಸರು ಹೊರಗಿನದು. ಅದು ಸಣ್ಣ ರೋಮನ್ ಅಕ್ಷರಗಳಲ್ಲಿ, ಒಮ್ಮೆ ಆರಿಸಿದ ವರ್ಣವಿನ್ಯಾಸದಲ್ಲಿ, ಎಂದೂ ಬದಲಾಗದೆ ಇರಲಿ. ನಿಜನಾಮವು ಒಳಗಿನದು. ಅಕ್ಷರವಿನ್ಯಾಸದ ಕಡತದೊಳಗೆ ಹೆಸರುಗಳ ಒಂದು ಪಟ್ಟಿಯೇ ಇರುತ್ತದೆ. ಭಾಷೆಭಾಷೆಗೂ ಬೇರೆ ಹೆಸರನ್ನು ಅಲ್ಲಿ ಬರೆಯಬಹುದು. ಆದುದರಿಂದ ಹೊರಗೆ ರೋಮನ್ ಅಕ್ಷರದ ಗುಬ್ಬಿಯು ಬಳಕೆದಾರನ ಮುಂದೆ ಕನ್ನಡದ ಗುಬ್ಬಿಯಾಗಿಯೇ ಕಾಣಿಸಿಕೊಳ್ಳಬಲ್ಲದು. ತಂತ್ರಾಂಶಗಳ ಪರಿಚಯಪತ್ರದಲ್ಲಿಯೂ ‘ಕೆಎನ್’ ಎಂಬ ಗುರುತಿನ ಮುಂದೆ ಕನ್ನಡದ ಹೆಸರಿಗೆ ಸ್ಥಳವಿದೆ. ಅಂತರ್ಜಾಲದ ವಿಳಾಸಗಳಲ್ಲಿ ‘ಭಾರತ’ ಎಂಬ ಕನ್ನಡಾಕ್ಷರದ ತುದಿಹೆಸರು ನಡೆಯುತ್ತಿರುವುದೂ ಇದೇ ತಂತ್ರದಿಂದ: ಓದುವವನಿಗೆ ಕನ್ನಡ, ಸಾಗಿಸುವ ಯಂತ್ರಗಳಿಗೆ ಅದರ ರೋಮನ್ ವೇಷ, ನಡುವೆ ಕೂಡಿಸಿದ ರೂಪವೊಂದನ್ನೇ ಒಪ್ಪತಕ್ಕದ್ದೆಂಬ ಕಟ್ಟುಪಾಡು.

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಗ್ರಾಮನಾಮಗಳನ್ನು ಕಾಗುಣಿತದ ಪರೀಕ್ಷೆಗಾಗಿ ಒಂದು ಪಟ್ಟಿಯಾಗಿ ಯಾರಾದರೂ ಹೊರಡಿಸುವುದಾದರೆ, ಹೊರಕೋಶಕ್ಕೆ ‘ಗ್ರಾಮನಾಮ-ಕೆಎನ್-1.0’ ಎಂಬಂತಹ ಹೆಸರು ಸಾಕು. ತಾಲ್ಲೂಕು ಜಿಲ್ಲೆಗಳು ಅದರಲ್ಲಿ ಬರಬೇಕಾಗಿಲ್ಲ, ಅವು ಪಟ್ಟಿಯೊಳಗಿನ ಕಾಲಮುಗಳಲ್ಲಿರಲಿ. ಮುಂದೆ ಒಂಬತ್ತು ಪರಿಷ್ಕರಣಗಳಾದ ಮೇಲೆ 1.10 ಬಂದಾಗ ಅಕಾರಾದಿ ಪಟ್ಟಿಯಲ್ಲಿ ಅದು 1.9ಕ್ಕಿಂತ ಮೊದಲು ನಿಲ್ಲುವುದನ್ನು ಕಂಡು ಬೆರಗಾಗಬಾರದು. ಪ್ಯಾಕೇಜುಗಳ ಸಾಧನಗಳು ಅಂಕಿಯನ್ನು ಅಂಕಿಯಾಗಿಯೇ ಹೋಲಿಸಿ ಸರಿಯಾದ ಕ್ರಮವನ್ನು ಕಂಡುಕೊಳ್ಳುತ್ತವೆ. ಒಳಗಿನ ಕನ್ನಡದ ಹೆಸರುಗಳನ್ನೆಲ್ಲ ಕಟ್ಟುವುದಕ್ಕೆ ಮೊದಲು ಕೂಡಿಸಿದ ರೂಪಕ್ಕೆ ತಂದು, ಕೊನೆಯಲ್ಲಿ ಉಳಿದಿರಬಹುದಾದ ಶೂನ್ಯಾಗಲದ ಸಂಕೇತಗಳನ್ನು ತೆಗೆದುಹಾಕತಕ್ಕದ್ದು. ಈಗಾಗಲೇ ಎರಡು ರೋಣಗಳು ಹುಟ್ಟಿಕೊಂಡಿರುವ ಕೋಶದಲ್ಲಿ ಯಾವುದನ್ನು ಉಳಿಸಬೇಕೆಂಬುದನ್ನು ಕಣ್ಣಿನಿಂದ ನಿರ್ಣಯಿಸಲಾಗದು. ಹೆಸರುಗಳ ಬೈಟುಗಳನ್ನು ಎಣಿಸಿ, 9 ಬೈಟಿನದನ್ನು ಇಟ್ಟುಕೊಂಡು, 15 ಬೈಟಿನದರಲ್ಲಿರುವ ಕಡತಗಳನ್ನು ಒಂದೊಂದಾಗಿ ತಾಳೆನೋಡಿ ಅದರೊಳಕ್ಕೆ ಸೇರಿಸಿದ ಮೇಲೆಯೇ ಎರಡನೆಯದನ್ನು ಅಳಿಸಬಹುದು.